ಮಾವನನ್ನು ದಾಟಿ ಹೋದ ಸೊಸೆ

ದೊಡ್ಡಮಲ್ಲಪ್ಪನ ಗಂಟಲು ಸಾಮಾನ್ಯದ್ದಲ್ಲ. ಅವನು ಹೊಲದಲ್ಲಿ ನಿಂತು ಎತ್ತಿಗೆ ಬೈದರೆ ಗುಮ್ಮಘಟ್ಟದ ಆಟೊ ಸ್ಟ್ಯಾಂಡಿನಲ್ಲಿ ಕೂತವರು ಎದ್ದು ನಿಲ್ಲುತ್ತಾರೆ ಅಂತ ಊರವರ ಕುಚೋದ್ಯ. ಆವತ್ತು ಬೆಳಿಗ್ಗೆ ಅದೇ ಗಂಟಲು "ಸತ್ತೆನೋ ಎಪ್ಪಾ" ಎಂದು ಕೂಗಿದಾಗ ಅವನ ಹೆಂಡತಿ ಹಂಪಕ್ಕ ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಓಡಿದಳು.

ಶೇಂಗಾ ಹೊಲದ ಬದುವಿನ ಮೇಲೆ ಗಂಡ ಕೂತಿದ್ದ. ನೆತ್ತಿಯ ಚರ್ಮ ಕಿತ್ತು ಹುಬ್ಬಿನ ಮೇಲೆ ಜೋತುಬಿದ್ದಿತ್ತು, ಮುಖವೆಲ್ಲ ರಕ್ತ. ಗುಡ್ಡದಿಂದ ಇಳಿದು ಶೇಂಗಾ ಕೆದರುತ್ತಿದ್ದ ಮರಿ ಕರಡಿಯ ತಾಯಿ ಅವನ ಮೇಲೆ ಬಿದ್ದಿತ್ತು. ಈಗದು ಅಲ್ಲೇ, ಹೊಲದಂಚಿನ ಸೀತಾಫಲದ ಪೊದೆಯಲ್ಲಿ ಮರಿಯೊಂದಿಗೆ ಕೂತು ಗುರುಗುಡುತ್ತಿತ್ತು. ಊರ ಗಂಡಸರೆಲ್ಲ ತಟ್ಟೆ, ದೊಣ್ಣೆ, ಪಟಾಕಿ ಹಿಡಿದು ಗುಡ್ಡದ ಕಡೆಗೆ ಸಾಲಾಗಿ ನಿಂತು, ಅದು ತಪ್ಪಿಸಿಕೊಳ್ಳದಂತೆ ಕಾಯುತ್ತಿದ್ದರು. ಪ್ರತಿ ಸಲ ಕರಡಿ ಬಂದಾಗಲೂ ಈ ಊರು ಮಾಡುವುದು ಇದನ್ನೇ.

ಯಾರೋ ನೂರಾಎಂಟಕ್ಕೆ ಫೋನು ಮಾಡಿದ್ದರು. ಆಂಬುಲೆನ್ಸ್ ವ್ಯಾನು ಬಂತು. ಇಳಿದವಳು ಅದರಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಹಂಪಕ್ಕನ ಸೊಸೆ ದುರ್ಗಾ.

ಸೊಸೆಯ ಕೆಲಸ ಅತ್ತೆಗೆ ಎಂದೂ ಹಿಡಿಸಿದ್ದಿಲ್ಲ. ಹೆಣ ಮುಟ್ಟುವ ಕೈ, ಎಂಥೆಂಥವರದೋ ರಕ್ತ ಮೆತ್ತಿದ ಬಟ್ಟೆ, ಅದರಲ್ಲೇ ದೇವರ ಮನೆ ಇರುವ ಮನೆಗೆ ಬರುವುದೆಂದರೇನು! ಅದಕ್ಕೇ ಹಿತ್ತಲ ನಲ್ಲಿಯ ಹತ್ತಿರ ಹಳೇ ಸೀರೆ ಕಟ್ಟಿ ಮರೆ ಮಾಡಿ, ಒಂದು ಬಕೆಟ್ಟು ಇಟ್ಟಿದ್ದಳು. ಡ್ಯೂಟಿ ಮುಗಿಸಿ ಬಂದ ಸೊಸೆ ಮುಂಬಾಗಿಲು ಮುಟ್ಟುವಂತಿಲ್ಲ. ಮಾಗಿಯ ಚಳಿಯಲ್ಲೂ ಅಲ್ಲೇ ತಲೆಗೆ ನೀರು ಸುರಿದುಕೊಂಡು ಹಿತ್ತಲ ಬಾಗಿಲಿನಿಂದ ಒಳಗೆ ಬರಬೇಕು. ದುರ್ಗಾ ಒಂದು ಮಾತೂ ಆಡದೆ ಹಾಗೇ ಮಾಡುತ್ತಿದ್ದಳು. ಆ ಸುಮ್ಮನಿರುವಿಕೆಯೂ ಹಂಪಕ್ಕನಿಗೆ ಕೊಬ್ಬಿನಂತೆ ಕಾಣುತ್ತಿತ್ತು.

ಈಗ ನೋಡಿದರೆ ಅವಳು ಓಡಿಬರದೆ, ವ್ಯಾನಿನ ಪಕ್ಕ ನಿಂತು ಹೊಲವನ್ನು ನೋಡುತ್ತಿದ್ದಾಳೆ!

"ಏನು ಜಾತ್ರಿ ನೋಡಾಕ ಬಂದೀಯೇನು? ನಿನ್ನ ಮಾವ ಸಾಯಾಕತ್ತಾನ!" ಹಂಪಕ್ಕ ಚೀರಿದಳು.

"ಕರಡಿ ಎಲ್ಲೈತಿ ಅತ್ತಿ?" ಎಂದಳು ದುರ್ಗಾ. ಹಂಪಕ್ಕ ಪೊದೆಯ ಕಡೆ ಕೈ ತೋರಿಸಿದಳು. ದುರ್ಗಾ ಗಂಡಸರತ್ತ ತಿರುಗಿದಳು. "ಗುಡ್ಡದ ಕಡಿ ಯಾರೂ ನಿಂದ್ರಬ್ಯಾಡ್ರಿ! ಅದರ ಮನಿ ಹಾದಿ ಅದು. ಬಿಟ್ರ ತಾನಾ ಹೋಗತೈತಿ. ಅಡ್ಡಗಟ್ಟಿದ್ರ ನಮ್ಮ ಮ್ಯಾಲ ಬರತೈತಿ. ಪಟಾಕಿ ಹಚ್ಚಬ್ಯಾಡ್ರಿ, ಈ ಕಡಿ ಬರ್ರಿ!"

ಗಂಡಸರು ಗೊಣಗಿದರು. ಹೆಣ್ಣುಮಗಳ ಮಾತು ಕೇಳುವುದೇ? ಆದರೆ ಆ ದನಿಯಲ್ಲಿ ಏನಿತ್ತೋ, ಸಾಲು ಒಡೆದು ಒಬ್ಬೊಬ್ಬರೇ ಈಚೆ ಬಂದರು. ಆಮೇಲೆಯೇ ದುರ್ಗಾ ಚೀಲ ಎತ್ತಿಕೊಂಡು ಬಗ್ಗಿ ಓಡಿಬಂದಳು.

ಬಂದವಳೇ ಕೇಳಿದ್ದೇನು? "ಮಾವಾ, ನಿಮ್ಮ ಹೆಸರೇನ್ರಿ?"

"ಎಲಾ ಇವಳ! ದೊಡ್ಡಮಲ್ಲಪ್ಪ ಅಂತ ಗೊತ್ತಿಲ್ಲೇನು ನಿನಗ!" ಅವನು ಗುಡ್ಡ ಅದುರುವಂತೆ ಕಿರುಚಿದ.

"ಎಚ್ಚರ ಐತಿ," ಎನ್ನುತ್ತ ದುರ್ಗಾ ಅವನ ಕಣ್ಣು, ಎದೆ, ಹೊಟ್ಟೆ ಬೇಗಬೇಗ ಮುಟ್ಟಿ ನೋಡಿದಳು. ಜೋತ ಚರ್ಮವನ್ನು ಮೇಲಕ್ಕೆ ಕೂಡಿಸಿ, ಹತ್ತಿಯ ದಪ್ಪ ಮೆತ್ತೆ ಇಟ್ಟು, ಅತ್ತೆಯ ಹಿಟ್ಟಿನ ಕೈಯನ್ನು ಒರೆಸಿ ಅದರ ಮೇಲೆ ಒತ್ತಿದಳು. "ಹಿಂಗಾ ಬಿಗಿ ಹಿಡೀರಿ. ಎತ್ತಿ ನೋಡಬ್ಯಾಡ್ರಿ, ನೀರು ಕುಡಿಸಬ್ಯಾಡ್ರಿ." ಅಷ್ಟು ಹೇಳಿ ಎದ್ದು, ಮಾವನನ್ನು ದಾಟಿ, ಪೊದೆಯ ಕಡೆಗೇ ಹೊರಟಳು.

ಹಂಪಕ್ಕ ಕೂತಲ್ಲಿಂದಲೇ ಬೈದಳು. "ಮಾವನ್ನ ಬಿಟ್ಟು ಎಲ್ಲಿಗೆ ಹೊಂಟೀಯೇ, ಮನಿ ಹಾಳಿ! ಇವನ ಉಸಿರು ಹೋದ್ರ ನಿನ್ನ ಸುಮ್ನ ಬಿಡಂಗಿಲ್ಲ!"

ಪೊದೆಯ ಪಕ್ಕದ ತಗ್ಗಿನಲ್ಲಿ ಕುರಿ ಕಾಯುವ ಹುಡುಗ ರಾಮಾಂಜಿನೇಯ ಬಿದ್ದಿದ್ದ. ದೊಡ್ಡಮಲ್ಲಪ್ಪನ ಕೂಗಿನಲ್ಲಿ ಅವನ ಕಡೆ ಯಾರ ಕಣ್ಣೂ ಹೋಗಿರಲಿಲ್ಲ; ಮಾವನ ತಲೆಗೆ ಮೆತ್ತೆ ಇಡುವಾಗ ದುರ್ಗಾಳಿಗಷ್ಟೇ ತಗ್ಗಿನಿಂದ ಚಾಚಿದ ಕಾಲು ಕಂಡಿತ್ತು. ಅವನು ಕೂಗುತ್ತಿರಲಿಲ್ಲ, ನರಳುತ್ತಲೂ ಇರಲಿಲ್ಲ. ತೊಡೆಯಿಂದ ರಕ್ತ ಚಿಮ್ಮಿ ಚಿಮ್ಮಿ ಮಣ್ಣು ಕೆಸರಾಗಿತ್ತು. ದುರ್ಗಾ ತೊಡೆಯ ಮೇಲ್ಭಾಗಕ್ಕೆ ಅಗಲವಾದ ಪಟ್ಟಿ ಕಟ್ಟಿ, ಗಂಟಿನಲ್ಲಿ ಕಡ್ಡಿ ಸಿಕ್ಕಿಸಿ ತಿರುವಿದಳು, ಮತ್ತೂ ತಿರುವಿದಳು.

ಆಗ ಪೊದೆ ಅಲುಗಿತು. ಕರಡಿ ಹೊರಬಂದು ಹಿಂಗಾಲ ಮೇಲೆ ಎದ್ದು ನಿಂತಿತು.

ಕಡ್ಡಿ ಬಿಟ್ಟು ಓಡಿದರೆ ಸೊಸೆ ಬದುಕುತ್ತಾಳೆ, ಆದರೆ ಆ ಹುಡುಗ ಸಾಯುತ್ತಾನೆ. ಅದು ಹಂಪಕ್ಕನಿಗೂ ತಿಳಿಯುವಂತಿತ್ತು. ದುರ್ಗಾ ಕಡ್ಡಿ ಬಿಡಲಿಲ್ಲ. ತಲೆ ತಗ್ಗಿಸಿ, ಹುಡುಗನ ಮೇಲೆ ಬಾಗಿ, ಕಲ್ಲಾಗಿ ಕೂತಳು. 'ನೇಮಕಲ್ಲಿನ ಆಂಜನೇಯಾ, ನನ್ನ ಸೊಸೀನ ಕಾಯೋ' ಎಂದು ಹಂಪಕ್ಕ ಒಳಗೊಳಗೇ ಬೇಡಿಕೊಂಡಳು. 'ನನ್ನ ಸೊಸಿ' ಎಂದು ಅವಳು ಅಂದುಕೊಂಡದ್ದು ಅದೇ ಮೊದಲು.

ಕರಡಿ ಮೂಸಿತು. ತೆರೆದಿದ್ದ ಗುಡ್ಡದ ಹಾದಿ ಕಾಣಿಸಿತು. ಕೆಳಗಿಳಿದು, ಮರಿಯನ್ನು ಬೆನ್ನಿಗೇರಿಸಿಕೊಂಡು ಓಡಿಹೋಯಿತು.

ವ್ಯಾನಿನ ಚಾಲಕ ರುದ್ರಮುನಿ ನುಗ್ಗಿ ಬಂದ. ಇಬ್ಬರೂ ಸೇರಿ ಹುಡುಗನನ್ನು ಅವನದೇ ಕುರಿ ಕಂಬಳಿಯ ಮೇಲೆ ಎಳೆದು ತಂದು ವ್ಯಾನಿಗೆ ಹಾಕಿದರು. ದೊಡ್ಡಮಲ್ಲಪ್ಪನೂ ಹತ್ತಿದ. ಗಂಡನ ತಲೆಯಿಂದ ಕೈ ತೆಗೆಯದೆಯೇ ಹಂಪಕ್ಕನೂ ಹತ್ತಿದಳು.

"ಅತ್ತಿ," ಎಂದಳು ದುರ್ಗಾ, "ಕೂಗೋರಿಗೆ ಉಸಿರೈತಿ ಅಂತ ಗೊತ್ತಾಗತೈತಿ. ಕೂಗದೋರ್ನ ಮೊದ್ಲು ನೋಡಬೇಕು. ಮಾವ ನಮ್ಮೋರು ಅಂತ ಹಿಂದು ಮುಂದು ಮಾಡಾಕ ಬರಂಗಿಲ್ಲ."

ರಾಯದುರ್ಗದ ಆಸ್ಪತ್ರೆಯಲ್ಲಿ ದೊಡ್ಡಮಲ್ಲಪ್ಪನಿಗೆ ಹೊಲಿಗೆಗಳು ಬಿದ್ದವು. ತಲೆ ತುಂಬ ಬಟ್ಟೆ ಸುತ್ತಿಕೊಂಡು ಮಲಗಿದವನು ಹೆಂಡತಿಯನ್ನು ಮೆತ್ತಗೆ ಕೇಳಿದ. ಅವನಿಗೆ ಮೆತ್ತಗೆ ಮಾತಾಡಲು ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. "ಆ ಕುರಿ ಹುಡುಗ ಉಳಿದ್ನಾ?"

"ಅನಂತಪುರಕ್ಕ ಕಳಿಸ್ಯಾರ. ಜೀವಕ್ಕ ಭಯ ಇಲ್ಲಂತ."

"ನನ್ನ ಮ್ಯಾಲಿದ್ದ ಕರಡೀನ ಬಿಡಿಸಾಕ ಬಂದವ ಅವನಾ. ಕೋಲು ಹಿಡದು ಬಂದ. ಅದು ನನ್ನ ಬಿಟ್ಟು ಅವನ್ನ ಹಿಡೀತು. ಕಣ್ಣಾಗ ರಕ್ತ ಇಳದು ಅವ ಎಲ್ಲಿ ಬಿದ್ನೋ ಕಾಣಲಿಲ್ಲ, ನನ್ನ ನೋವಿನಾಗ ಹೇಳಾಕೂ ಹೊಳೀಲಿಲ್ಲ." ಅವನ ಕಣ್ಣು ತುಂಬಿತು. "ಅವ ಸತ್ತಿದ್ರ ನಾನು ಹೆಂಗ ಉಣ್ಣಲಿ?"

ಹಂಪಕ್ಕ ಸೆರಗು ಬಾಯಿಗಿಟ್ಟು ಅತ್ತಳು. ಆಮೇಲೆ ಎದ್ದು ವಾರ್ಡಿನ ಮಂಚ ಮಂಚಕ್ಕೂ ಹೋಗಿ, ಕೇಳಿದವರಿಗೂ ಕೇಳದವರಿಗೂ ಹೇಳಿದಳು: "ಕರಡಿ ಎದುರು ಕುಂತಾಕಿ ನಮ್ಮ ಸೊಸೀರಿ. ನಮ್ಮನಿ ಸೊಸಿ!" ಮಗ ಶಿವಶಂಕರ ಅವಳನ್ನು ಆಟೊದಲ್ಲಿ ಊರಿಗೆ ಕರೆದೊಯ್ಯುವಾಗ ಅವನಿಗೂ ಅದನ್ನೇ ಹೇಳಿದಳು, ದುರ್ಗಾ ಅವನ ಹೆಂಡತಿ ಎಂಬುದನ್ನೇ ಮರೆತವಳ ಹಾಗೆ.

ಸಂಜೆ ದುರ್ಗಾ ಡ್ಯೂಟಿ ಮುಗಿಸಿ ಬಂದಳು. ರೂಢಿಯಂತೆ ಮನೆ ಸುತ್ತಿ ಹಿತ್ತಲಿಗೆ ಹೋದಳು. ಸೀರೆಯ ಮರೆ ಇರಲಿಲ್ಲ. ನಲ್ಲಿಯ ಬಳಿ ಬರೀ ನೆಲ.

"ಅತ್ತಿ, ಬಕೆಟ್ಟು ಎಲ್ಲಿ?"

"ಒಳಗ ಬಚ್ಚಲದಾಗೈತಿ. ಬಿಸಿನೀರು ತೋಡಿಟ್ಟೀನಿ," ಹಂಪಕ್ಕನ ದನಿ ಮನೆಯ ಮುಂದಿನಿಂದ ಬಂತು. "ಮುಂದಿನ ಬಾಗಿಲಿಂದ ಬಾ."

ದುರ್ಗಾ ಬಂದು ಹೊಸ್ತಿಲ ಹೊರಗೇ ನಿಂತಳು. "ಬಟ್ಟಿ ಮ್ಯಾಲ ರಕ್ತ ಐತ್ರಿ ಅತ್ತಿ."

"ಐತಿ. ಅದರಾಗ ನನ್ನ ಗಂಡಂದೂ ಐತಿ, ಅವನ್ನ ಉಳಿಸಿದವಂದೂ ಐತಿ," ಎಂದು ಹಂಪಕ್ಕ ಅವಳ ಕೈ ಹಿಡಿದಳು. "ಬಾ ಒಳಗ."