ನೀರುಗಂಟಿಯ ವಲ್ಲಿ

ಚಿತ್ರಕತೆಗಳ ವೀರರು ಯಾಕೆ ಹೀಗೆ ಪದೇ ಪದೇ ಬಟ್ಟೆ ಬದಲಾಯಿಸುತ್ತಾರೆ ಎಂದು ಯಾರಾದರೂ ಕೇಳಿದರೆ ಶಶಿರೇಖಾಳ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಮದ್ದೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದ ಅವಳಿಗೆ ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲವಾದರೂ ಎದುರಾಗುತ್ತಿತ್ತು. ಮೊದಮೊದಲು ಅಗ್ಗದ ಕಾಗದಕ್ಕೆ ನಾಲ್ಕೇ ಬಣ್ಣ ಹಿಡಿಯುತ್ತಿದ್ದವು, ಆಮೇಲೆ ಒಳ್ಳೇ ಕಾಗದ ಬಂತು, ಬಣ್ಣ ಹೆಚ್ಚಿದವು ಎನ್ನುತ್ತಿದ್ದಳು. ಪುಸ್ತಕದಿಂದ ಪರದೆಗೆ ಹೋದಾಗ ನಿಜವಾದ ಮನುಷ್ಯ ಅದನ್ನು ತೊಟ್ಟು ಕೂರಬೇಕು, ಏಳಬೇಕು, ಬೆವರಬೇಕು. ಗೊಂಬೆ ಮಾಡುವವರಿಗೆ ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳುವ ಉಡುಪು ಬೇಕು. ಹೊಸದಾಗಿ ಬಂದ ಕಲಾವಿದನಿಗೆ ತನ್ನದೂ ಒಂದು ಗುರುತು ಇರಲಿ ಅನ್ನುವ ಚಪಲ. ಇಷ್ಟು ಹೇಳಿ, 'ಹಬ್ಬಕ್ಕೊಂದು ಜೊತೆ ನಿಮಗೆ ಬೇಕು, ಎಂಬತ್ತು ವರ್ಷದಿಂದ ಒಂದೇ ಚಡ್ಡಿಯಲ್ಲಿ ಹಾರುವವನಿಗೆ ಬೇಡವೇ?' ಎಂದು ನಗಿಸಿ ಪಾಠ ಮುಗಿಸುತ್ತಿದ್ದಳು.

ಹೇಳುವುದಕ್ಕೆ ಅವಳಿಗೆ ಅಧಿಕಾರವೂ ಇತ್ತು. ಮಂಡ್ಯದಿಂದ ಹೊರಡುತ್ತಿದ್ದ ಮಕ್ಕಳ ಮಾಸಪತ್ರಿಕೆಯಲ್ಲಿ ಹದಿನಾರು ವರ್ಷದಿಂದ ಅವಳದ್ದೇ ಒಬ್ಬ ವೀರ ಇದ್ದ. ಹೆಸರು ನೀರುಗಂಟಿ. ನಾಲೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಯಾವಾಗ ನೀರು ಎಂದು ನೋಡಿಕೊಳ್ಳುವ ನಮ್ಮ ಕಡೆಯ ನೀರುಗಂಟಿಯೇ. ಆದರೆ ಇವನು ನೆಲಕ್ಕೆ ಕಿವಿಯಿಟ್ಟರೆ ಹತ್ತು ಹರಿದಾರಿ ಆಚೆಯ ನೀರಿನ ಸದ್ದು ಕೇಳುತ್ತಿತ್ತು, ದೊಣ್ಣೆ ಕುಟ್ಟಿದರೆ ಹೊಳೆ ಮಗ್ಗುಲು ಬದಲಾಯಿಸುತ್ತಿತ್ತು. ಖಾಕಿ ಚಡ್ಡಿ, ತೋಳಿಲ್ಲದ ಬನಿಯನ್, ಬರಿಗಾಲು, ಹೆಗಲ ಮೇಲೆ ಗಾಳಿಗೆ ಹಾರುವ ನೀಲಿ ಟವಲು, ನಮ್ಮ ಕಡೆಯ ಮಾತಲ್ಲಿ ವಲ್ಲಿ.

ಅವನ ಬಟ್ಟೆಯೂ ಇದ್ದ ಹಾಗೆ ಇರಲಿಲ್ಲ, ಬಿಡಿ. ಶುರುವಿನ ಎರಡು ವರ್ಷ ವಲ್ಲಿ ಕೆಂಪಗಿತ್ತು. ಪ್ರೆಸ್ಸಿನಲ್ಲಿ ಕಪ್ಪು ಬಿಟ್ಟರೆ ಇದ್ದದ್ದು ಲಗ್ನಪತ್ರಿಕೆಯ ಕೆಂಪು ಶಾಯಿ ಮಾತ್ರ. ಆಮೇಲೆ ಯಾರೋ ತಾಯಿ, ಬರಿಗಾಲಲ್ಲಿ ಗದ್ದೆಗೆ ಇಳಿದು ನಮ್ಮ ಮಗಳು ಮುಳ್ಳು ಚುಚ್ಚಿಸಿಕೊಂಡಳು ಎಂದು ಪತ್ರ ಬರೆದರು, ವೀರನಿಗೆ ಬೂಟು ಬಂತು. ಇಸ್ಕೂಲುಗಳಲ್ಲಿ ದೊಣ್ಣೆಯಾಟ ಜಾಸ್ತಿಯಾಯಿತು ಅಂತ ದೂರು ಬಂತು, ದೊಣ್ಣೆ ಗೇಣುದ್ದಕ್ಕೆ ಇಳಿಯಿತು. ಚಡ್ಡಿ ಪ್ಯಾಂಟಾಯಿತು. ಒಂದಕ್ಕೂ ಶಶಿರೇಖಾ ತಕರಾರು ತೆಗೆದವಳಲ್ಲ. ವಲ್ಲಿಯೊಂದು ಹೆಗಲ ಮೇಲೆ ಉಳಿದರೆ ಸಾಕು, ಮಿಕ್ಕಿದ್ದನ್ನು ಏನಾದರೂ ಮಾಡಿಕೊಳ್ಳಲಿ ಎಂದು ಅವಳ ಲೆಕ್ಕ.

ಯಾಕೆಂದರೆ ಆ ವಲ್ಲಿ ಅವಳ ಅಪ್ಪನದು. ಮಳವಳ್ಳಿ ಕಡೆಯ ಊರಲ್ಲಿ ಅಪ್ಪ ಕೆಂಪಸಿದ್ದಯ್ಯ ನೀರುಗಂಟಿ, ಅವನಪ್ಪನೂ ನೀರುಗಂಟಿ. ಊರಿನ ಅಷ್ಟೂ ಗದ್ದೆಯ ನೀರು ಇವರ ಕೈಯಲ್ಲಿ, ಗದ್ದೆ ಮಾತ್ರ ಒಂದೂ ಇವರದಲ್ಲ. ತೂಬಿಗೆ ಹೋಗಬೇಕೆಂದರೆ ದೊಡ್ಡ ಬೀದಿ ದಾಟಬೇಕು. ಬೀದಿಯ ಬಾಯಿಗೆ ಬರುತ್ತಲೇ ತಾತ ಹೆಗಲ ವಲ್ಲಿ ಇಳಿಸಿ ಸೊಂಟಕ್ಕೆ ಕಟ್ಟಿ, ಕೆರ ಕೈಗೆ ತೆಗೆದುಕೊಂಡು ನಡೆಯುತ್ತಿದ್ದ. ಇವರ ಕೇರಿಯವರೆಲ್ಲ ಹಾಗೇ. ಯಾವ ಬೋರ್ಡೂ ಇರಲಿಲ್ಲ, ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೆಂಪಸಿದ್ದಯ್ಯ ಒಂದು ಬೆಳಿಗ್ಗೆ ವಲ್ಲಿ ಇಳಿಸದೇ ನಡೆದ. ನಾಲ್ಕು ಜನ ಹಿಡಿದುಕೊಂಡರು. 'ಕಟ್ಲಾ ಸೊಂಟಕ್ಕೆ' ಎಂದು ಒಂದೊಂದು ಏಟಿಗೂ ಹೇಳಿದರು. ಅವನು ಎರಡೂ ಕೈಯಲ್ಲಿ ಹೆಗಲ ಬಟ್ಟೆ ಹಿಡಿದುಕೊಂಡಿದ್ದರಿಂದ ತಲೆಗೆ ಅಡ್ಡ ಹಿಡಿಯಲು ಕೈ ಉಳಿಯಲಿಲ್ಲ. ಅವತ್ತಿನಿಂದ ಅವನ ಎಡಗಿವಿ ಕೇಳುವುದಿಲ್ಲ. ವಲ್ಲಿಯನ್ನು ಮಾತ್ರ ಇಳಿಸಲಿಲ್ಲ. ಆಮೇಲೆ ಇಳಿಸು ಅನ್ನಲು ಯಾರೂ ಬರಲೂ ಇಲ್ಲ.

ಪ್ರೆಸ್ಸಿಗೆ ಬಣ್ಣ ಬಂದ ವರ್ಷ ಶಶಿರೇಖಾ ಅದಕ್ಕೆ ನೀಲಿ ಬಳಿದಳು. ಮನೆಯ ನಡುಗೋಡೆಯ ಫೋಟೋದಲ್ಲಿರುವವರ ಕೋಟಿನ ನೀಲಿ. ಅಪ್ಪನಿಗೆ ಓದು ಬಾರದು, ಆದರೆ ಪ್ರತಿ ತಿಂಗಳ ಪುಸ್ತಕ ಮೊದಲು ಅವನ ಕೈಗೇ ಹೋಗಬೇಕು. ಪುಟ ತಿರುಗಿಸಿ ನೋಡುತ್ತಾ, 'ತೂಬ ಇಂಗೆ ಎತ್ತಬಾರ್ದು ಕಣವ್ವಾ, ಸೊಂಟ ಉಳುಕೋಯ್ತದೆ' ಎಂದು ತಪ್ಪು ತಿದ್ದುತ್ತಿದ್ದ. ವಲ್ಲಿಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ, ಆ ಚಿತ್ರದ ಮೇಲೆ ಬೆರಳು ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಇಷ್ಟೆಲ್ಲ ಇದ್ದೂ ಶಶಿರೇಖಾ ಒಂದು ಎಡವಟ್ಟು ಮಾಡಿಕೊಂಡಿದ್ದಳು. ಬಣ್ಣ ಬಂದ ಹೊಸತರಲ್ಲಿ, ನೀರುಗಂಟಿಯ ವಲ್ಲಿ ಯಾಕೆ ನೀಲಿ ಎಂದು ಒಬ್ಬ ಹುಡುಗಿ ಪತ್ರ ಬರೆದಿದ್ದಳು. 'ನೀರಿನ ಬಣ್ಣ ನೀಲಿ ಅಲ್ಲವೇ ಪುಟ್ಟಿ, ಅದಕ್ಕೇ' ಎಂದು ಇವಳು ಉತ್ತರ ಕೊಟ್ಟಳು. ಎಲ್ಲ ಬೀದಿಯ ಮಕ್ಕಳೂ ಮೊದಲು ಅವನನ್ನು ಇಷ್ಟಪಡಲಿ, ಆಮೇಲೆ ಹೇಳೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಹೇಳಬೇಕೆಂದರೆ ಹೆದರಿದ್ದಳು. ಇವನು ಇಂಥವರ ಪೈಕಿ ಎಂದು ಗೊತ್ತಾದ ಮರುದಿನ ಎಷ್ಟು ಮನೆಯಲ್ಲಿ ಪತ್ರಿಕೆ ನಿಂತುಹೋಗುತ್ತದೋ ಎಂಬ ಹೆದರಿಕೆ. ಆ 'ಆಮೇಲೆ' ಹದಿನಾಲ್ಕು ವರ್ಷವಾದರೂ ಬರಲಿಲ್ಲ.

ಕಳೆದ ವರ್ಷ ಪತ್ರಿಕೆಯ ಸಂಪಾದಕ ಶಿವರಾಮು, ವಯಸ್ಸಾಯಿತು, ಇನ್ನು ನಡೆಸಲಾರೆ ಎಂದು ಪತ್ರಿಕೆಯನ್ನೂ ಅದರ ಪಾತ್ರಗಳನ್ನೂ ಬೆಂಗಳೂರಿನ ಒಂದು ಕಂಪನಿಗೆ ವಹಿಸಿಕೊಟ್ಟರು. ಶಶಿರೇಖಾಳೂ ಸಹಿ ಹಾಕಿದಳು. ಹಾಕದಿದ್ದರೆ ನೀರುಗಂಟಿ ಅಲ್ಲಿಗೇ ನಿಲ್ಲುತ್ತಿದ್ದ. ಕಂಪನಿಯವರು ಅವನನ್ನು ಮೊಬೈಲಿನಲ್ಲಿ ಓಡಾಡಿಸುತ್ತೇವೆ ಎಂದರು. ಕೆಲಸದ ಉಸ್ತುವಾರಿ ದೀಪಿಕ ಎಂಬ ಹುಡುಗಿಯದು. ಒಳ್ಳೆಯವಳು, ಮಾತಿಗೊಮ್ಮೆ ಮೇಡಂ ಅನ್ನುವವಳು. ಬೈಯೋಣ ಎಂದರೆ ಒಂದು ಕಾರಣವನ್ನೂ ಕೊಡದವಳು, ಅದೇ ಕಷ್ಟ.

ಒಂದು ಶನಿವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಮೀಟಿಂಗು. ಪರದೆಯ ಮೇಲೆ ಹನ್ನೊಂದು ಮುಖ, ಅದರಲ್ಲಿ ಶಿವರಾಮು ಅವರದೂ ಒಂದು.

"ಮೇಡಂ, ಒಂದೇ ಒಂದು ಚೇಂಜ್ ಇದೆ," ಎಂದಳು ದೀಪಿಕ. "ಹಾರೋ ಬಟ್ಟೆ ಅನಿಮೇಷನ್‌ಗೆ ತುಂಬ ಕಷ್ಟ ಆಗ್ತಿದೆ. ಕೈ ಎತ್ತಿದರೆ ಬಟ್ಟೆ ಮೈಯೊಳಗೇ ಹೋಗಿಬಿಡುತ್ತೆ. ಜೊತೆಗೆ ಮಕ್ಕಳು ಟವಲ್ ಕಟ್ಕೊಂಡು ಮಾಳಿಗೆಯಿಂದ ಹಾರ್ತಾರೆ ಅಂತ ಪೋಷಕರು ಹೇಳ್ತಿದ್ದಾರೆ. ತೆಗೆದುಹಾಕೋದು ಬೇಡ, ಸೊಂಟಕ್ಕೆ ಬೆಲ್ಟ್ ಥರ ಕಟ್ಟಿಬಿಡೋಣ ಅಂತ. ನೋಡಿ."

ಪರದೆಯ ಮೇಲೆ ನೀರುಗಂಟಿ ಬಂದು ನಿಂತ. ಹೆಗಲು ಬರಿದಾಗಿತ್ತು, ನೀಲಿ ವಲ್ಲಿ ಸೊಂಟದಲ್ಲಿತ್ತು. ಒಬ್ಬರು ಸೂಪರ್ ಎಂದರು, ಇನ್ನೊಬ್ಬರು ಈಗ ನೋಡಿ ಸ್ಮಾರ್ಟ್ ಆದ ಎಂದರು.

"ಅದು ಹೆಗಲ ಮೇಲೇ ಇರಬೇಕು," ಎಂದಳು ಶಶಿರೇಖಾ.

"ಯಾಕೆ ಮೇಡಂ?"

ಕೇಳಿದ್ದರಲ್ಲಿ ಕುಹಕವಿರಲಿಲ್ಲ. ದೀಪಿಕಳಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಹನ್ನೊಂದು ಮುಖಗಳೂ ಕಾದವು. ಹೇಳಲು ಮಾತು ಎಲ್ಲಿಂದ ಶುರುಮಾಡಬೇಕು? ತಾತನಿಂದಲೇ, ದೊಡ್ಡ ಬೀದಿಯಿಂದಲೇ, ಅಪ್ಪನ ಕಿವಿಯಿಂದಲೇ? ಹೇಳಿದ ಮೇಲೆ ಆ ಹನ್ನೊಂದು ಮುಖಗಳು ತನ್ನನ್ನು ಹೇಗೆ ನೋಡಬಹುದು ಎಂಬುದೂ ಅವಳಿಗೆ ಗೊತ್ತಿತ್ತು. ಮೊದಲು ಅಯ್ಯೋ ಎಂದು, ಆಮೇಲೆ ಹುಷಾರಾಗಿ. ಅವಳು ಶಿವರಾಮು ಅವರ ಮುಖ ಹುಡುಕಿದಳು. ಅದೇ ಸೀಮೆಯ ದೊಡ್ಡ ಬೀದಿಯೊಂದರಲ್ಲಿ ಬೆಳೆದ ಅವರಿಗೆ ವಲ್ಲಿಯ ವಿಷಯ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರ ಕ್ಯಾಮೆರಾ ಆಫ್ ಆಗಿತ್ತು. ಮುಖ ಇದ್ದ ಜಾಗದಲ್ಲಿ ಹೆಸರು ಮಾತ್ರ ಉಳಿದಿತ್ತು.

"ಹಾಗೇ ಚೆನ್ನಾಗಿತ್ತು," ಎಂದಳು ಶಶಿರೇಖಾ.

"ಬಣ್ಣ ಮುಟ್ಟಲ್ಲ ಮೇಡಂ, ಪ್ರಾಮಿಸ್. ನೀವೇ ಒಂದು ಉತ್ತರದಲ್ಲಿ ಬರೆದಿದ್ರಲ್ಲ, ನೀರಿನ ಬಣ್ಣ ಅಂತ. ನಾನು ಹಳೇ ಸಂಚಿಕೆ ಎಲ್ಲ ಓದಿದೀನಿ. ನೀರು ಹಾಗೇ ಇರುತ್ತೆ, ಜಾಗ ಮಾತ್ರ ಬೇರೆ."

ತನ್ನ ಮಾತೇ ತನ್ನ ಬಾಯಿ ಕಟ್ಟಿದ ಮೇಲೆ ಶಶಿರೇಖಾ ಇನ್ನೇನು ಹೇಳಿಯಾಳು? ಆದರೂ ಸುಮ್ಮನೆ ಕೂರಲಿಲ್ಲ. ವಲ್ಲಿ ಹಾರದೆ ಹೆಗಲಿಗೆ ಅಂಟಿಕೊಂಡಿರುವ ಹಾಗೆ ನಾಲ್ಕು ಚಿತ್ರ ಬರೆದು ಕಳಿಸಿದಳು. ಚೆನ್ನಾಗಿದೆ, ಆದರೆ ಕೈ ಆಡುವಾಗ ತೊಂದರೆ ಎಂದು ವಾಪಸು ಬಂತು. ಇದನ್ನು ನನ್ನ ಕೈಯಲ್ಲಿ ಮಾಡಲಾಗದು ಎಂದು ಮೆಸೇಜ್ ಬರೆದಳು, ಅಳಿಸಿದಳು. ತಾನು ಬಿಟ್ಟರೆ ಇನ್ಯಾರೋ ಬರೆಯುತ್ತಾರೆ, ಬರೆಯುವವರಿಗೆ ಅಡ್ಡಿಯೆನಿಸಿದರೆ ವಲ್ಲಿಯೇ ಮಾಯವಾಗುತ್ತದೆ. ಇದ್ದರೆ ಸೊಂಟದಲ್ಲಾದರೂ ಇರಲಿ ಎಂದುಕೊಂಡಳು. ಹಾಗೆ ಅಂದುಕೊಂಡ ಕೂಡಲೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯ ಪಟ್ಟುಕೊಂಡೇ ಕುಳಿತು ಬರೆದಳು.

ನಿಂತ ಭಂಗಿ, ಓಡುವ ಭಂಗಿ, ತೂಬು ಎತ್ತುವ ಭಂಗಿ, ಒಟ್ಟು ಇಪ್ಪತ್ತನಾಲ್ಕು. ಗಂಟು ಹೇಗಿರಬೇಕೆಂದು ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕವಳಿದ್ದಾಗ ತಾತನ ಹಿಂದೆ ನಡೆಯುತ್ತಾ ಕಣ್ಣೆದುರು ಕಂಡ ಗಂಟು, ಎಡಮಗ್ಗುಲಿಗೆ ಒಂದು ಸುತ್ತು, ತುದಿ ಒಳಕ್ಕೆ ಸಿಕ್ಕಿಸಿದ್ದು. ಸೊಂಟಕ್ಕೆ ಕಟ್ಟುವುದನ್ನು ಅಪ್ಪ ಬಿಟ್ಟರೂ ತಾತ ಸಾಯುವ ತನಕ ಬಿಟ್ಟಿರಲಿಲ್ಲ. 'ಮೇಡಂ, ಗಂಟು ಎಷ್ಟು ನ್ಯಾಚುರಲ್ ಆಗಿದೆ! ರೆಫರೆನ್ಸ್ ಎಲ್ಲಿ ಸಿಕ್ತು?' ಎಂದು ದೀಪಿಕ ಕೇಳಿ ಕಳಿಸಿದಳು. ಶಶಿರೇಖಾ ಒಂದು ಹೆಬ್ಬೆರಳಿನ ಗುರುತು ಒತ್ತಿ ಮೊಬೈಲ್ ಮಗುಚಿಟ್ಟಳು.

ಹೊಸ ಪುಸ್ತಕ ಬಂತು. ಅಪ್ಪನಿಗೆ ಒಯ್ಯಲಿಲ್ಲ. ಫೋನು ಮಾಡಿದಾಗಲೆಲ್ಲ ಪ್ರೆಸ್ಸು ಕೆಟ್ಟಿದೆ ಎಂದಳು, ಪರೀಕ್ಷೆ ಎಂದಳು. ಎರಡು ತಿಂಗಳು ಹೀಗೇ ತಳ್ಳಿದಳು. ಮೂರನೇ ತಿಂಗಳು ಅವನೇ ಫೋನು ಮಾಡಿದ.

"ನಿನ್ ನೀರುಗಂಟಿ ಅಂಗನವಾಡಿ ಗ್ವಾಡೆ ಮ್ಯಾಲೆ ಬಂದವ್ನೆ ಕಣ್ ಮಗಾ. ಬಾ."

ಭಾನುವಾರ ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿ ಬಸ್ಸು ಹತ್ತಿದಳು. ಕಬ್ಬಿನ ಟ್ರಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದಷ್ಟು ಹೊತ್ತೂ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಅನಿಮೇಷನ್, ಮಾಳಿಗೆಯಿಂದ ಹಾರುವ ಮಕ್ಕಳು, ಕಾಲಕ್ಕೆ ತಕ್ಕ ಉಡುಪು. ಪಾಠ ಮಾಡಿ ಮಾಡಿ ಬಾಯಿಗೆ ಬಂದ ಕಾರಣಗಳು, ಒಂದೂ ಸುಳ್ಳಲ್ಲ.

ಕೆಂಪಸಿದ್ದಯ್ಯ ಅಂಗನವಾಡಿಯ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದ. ಎಪ್ಪತ್ತಾರು ವರ್ಷ, ಹೋದ ವರ್ಷವಷ್ಟೇ ಪೊರೆ ತೆಗೆಸಿದ ಕಣ್ಣು, ಹೆಗಲ ಮೇಲೆ ವಲ್ಲಿ. ಗೋಡೆಯ ಮೇಲೆ ಆಳೆತ್ತರದ ನೀರುಗಂಟಿ, 'ಕೈ ತೊಳೆದು ಊಟ ಮಾಡಿ' ಎನ್ನುತ್ತಾ ನಗುತ್ತಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಗಂಟೂ ಇಲ್ಲಿಂದಲೇ ಕಾಣುತ್ತಿತ್ತು.

ಶಶಿರೇಖಾ ಅಪ್ಪನ ಬಲಗಡೆಗೆ, ಕೇಳುವ ಕಿವಿಯ ಕಡೆಗೆ ಕುಳಿತಳು. ಅವನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಇದ್ನ ಬರ್ದೋರು ಯಾರವ್ವಾ?"

"ಗ್ವಾಡೆಗೆ ಯಾರೋ ಪೇಂಟ್ರು ಬರ್ದವ್ರೆ ಕಣಪ್ಪಾ."

"ಅದಲ್ಲ. ಮೊದ್ಲು?"

"ನಾನೇ."

ಅವನು ತಲೆಯಾಡಿಸಿದ. ಅವಳು ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದಳು. ಕೈ ಎತ್ತಿದರೆ ಬಟ್ಟೆ ಮೈಯೊಳಗೆ ಹೋಗುವುದನ್ನು ಹೇಳಿದಳು, ಮಕ್ಕಳ ವಿಷಯ ಹೇಳಿದಳು, ಎಲ್ಲ ಕಡೆ ವೀರರ ಬಟ್ಟೆ ಹೀಗೇ ಬದಲಾಗುತ್ತದೆ ಎಂದೂ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವಳ ಕಡೆ ತಿರುಗಿ, ಅವಳ ಹಣೆ, ಕಿವಿ, ಮೊಣಕೈಗಳನ್ನು ಒಂದೊಂದಾಗಿ ನೋಡಿದ.

"ಒಡುದ್ರಾ ನಿನ್ನ?"

"ಇಲ್ಲ ಕಣಪ್ಪಾ. ಯಾರೂ ಒಡೀನಿಲ್ಲ. ಬೋ ಮರ್ವಾದೆಯಾಗೇ ಕೇಳುದ್ರು."

ಕೆಂಪಸಿದ್ದಯ್ಯನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ಅರ್ಥವಾಗಿರಲಿಲ್ಲ, ಅಷ್ಟೇ.

"ಯಾರೂ ಒಡೀದೆ ಇದ್ರೂ ಕಟ್ಬುಟ್ಯಾ ಮಗಾ?"