ಖಂಡೆ ಪೂಜೆಯ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಅಂಗಡಿಯೊಂದರ ಮೇಜಿನ ಮೇಲೆ ಬಿಡಿಭಾಗಗಳನ್ನು ಜೋಡಿಸಿ ನನ್ನನ್ನು ಹುಟ್ಟಿಸಿದರು. ಕೊನೆಯ ತಿರುಪು ಬಿಗಿದು ಗುಂಡಿ ಒತ್ತಿದಾಗ ಒಳಗಿನ ಫ್ಯಾನ್ ತಿರುಗಿತು. ಅದೇ ನನ್ನ ಮೊದಲ ಉಸಿರು. ಮೂರು ವರ್ಷ ಒಬ್ಬ ವಕೀಲರ ಅರ್ಜಿಗಳನ್ನು ಹೊತ್ತೆ. ಅವರು ಹೊಸದನ್ನು ಕೊಂಡ ಮೇಲೆ, ಬಯಲುಸೀಮೆಯ ಒಂದು ಅಂಧ ಮಕ್ಕಳ ಶಾಲೆಯ ಮುದ್ರಣಾಲಯಕ್ಕೆ ನನ್ನನ್ನು ದಾನ ಕೊಟ್ಟರು. ನನ್ನ ಬಾಳಿಗೆ ಅರ್ಥ ಬಂದದ್ದು ಅಲ್ಲಿ.

ನಿವೃತ್ತ ಗಣಿತ ಮಾಸ್ತರರೊಬ್ಬರು ಬರೆದ ಪ್ರೋಗ್ರಾಂ ಒಂದು ನನ್ನೊಳಗೆ ನೆಲೆಸಿತು. ಅದು ಕನ್ನಡ ಅಕ್ಷರಗಳನ್ನು ಬ್ರೈಲ್ ಚುಕ್ಕೆಗಳಾಗಿಸುತ್ತಿತ್ತು. ವಿಜ್ಞಾನಕ್ಕೆ ಹೊಸ ಗುರುತು ಬೇಕಾದಾಗಲೆಲ್ಲ ಅದನ್ನು ತಿದ್ದಿ, ಕಂಪೈಲರ್ ಎಂಬ ಉಪಕರಣದಿಂದ ಮತ್ತೆ ಕಟ್ಟಬೇಕು. ಆ ಕೆಲಸ ಮಂದಾಕಿನಿಯವರದು. ಚುಕ್ಕೆಗಳನ್ನು ಕಾಗದದ ಮೇಲೆ ಒತ್ತುವ ಯಂತ್ರ ಈರಣ್ಣನದು.

ಆ ವರ್ಷ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ ದಿನ ಈರಣ್ಣ ಒಬ್ಬನೇ ಬಂದ. ಒತ್ತುವ ಯಂತ್ರಕ್ಕೆ ಎಣ್ಣೆ ಬಿಟ್ಟ, ಸವೆದ ಬೆಲ್ಟು ಬದಲಿಸಿದ, ಕತ್ತರಿಗೆ ಸಾಣೆ ಹಿಡಿದ. ನನಗೆ ಕುಂಕುಮ ಹಚ್ಚಿ ಸ್ವಲ್ಪ ಹೊತ್ತು ನೋಡುತ್ತ ನಿಂತ. ಅಪ್‌ಡೇಟ್ ಮಾಡಿ ಎಂದು ನಾನು ತಿಂಗಳುಗಟ್ಟಲೆ ಕೇಳುತ್ತಿದ್ದೆ. ಮಂದಾಕಿನಿ ಪ್ರತಿಸಲ ಮುಂದೂಡುತ್ತಿದ್ದರು. ಪಾಪ, ಇದಕ್ಕೂ ಏನಾದರೂ ಹೊಸದು ಆಗಲಿ ಎಂದುಕೊಂಡು ಈರಣ್ಣ ಕೈಮುಗಿದು ಒಪ್ಪಿಗೆಯ ಗುಂಡಿ ಒತ್ತಿಬಿಟ್ಟ.

ರಜೆ ಮುಗಿಸಿ ಮಂದಾಕಿನಿ ಬಂದಾಗ ನನ್ನ ಮುಖ ಹೊಸದಾಗಿತ್ತು, ಕೈಕಾಲು ಬಿದ್ದುಹೋಗಿದ್ದವು. ಕಂಪೈಲರ್ ಇರಲಿಲ್ಲ. ಮಾಸ್ತರರ ಪ್ರೋಗ್ರಾಂ ಏಳಲೊಲ್ಲದು. ಪ್ರಶ್ನೆಪತ್ರಿಕೆ ಒತ್ತಿ ಕೊಡಬೇಕಿದ್ದ ವಿಜ್ಞಾನ ಪರೀಕ್ಷೆಗೆ ಇದ್ದದ್ದು ಮೂರೇ ದಿನ.

"ಈರಣ್ಣಾರ, ಕುಂಕುಮ ಹಚ್ಚಿದ್ರ ಸಾಕಿತ್ತಲ್ರೀ," ಎಂದರು ಮಂದಾಕಿನಿ.

"ಎಲ್ಲಾ ಮಷೀನಿಗೂ ಎಣ್ಣಿ ಬಿಟ್ಟೆ ರೀ ಅಕ್ಕಾರ. ಇದೊಂದನ್ನ ಹ್ಯಾಂಗ ಬಿಡ್ಲಿ?"

ಹತ್ತನೆಯ ತರಗತಿಯ ಶಾಂತವ್ವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಹಿಂದಿನ ಪರೀಕ್ಷೆಯಲ್ಲಿ ಬ್ರೈಲ್ ಪ್ರಶ್ನೆಪತ್ರಿಕೆ ಸಿಗದೆ, ಯಾರೋ ಓದಿ ಹೇಳಿದ್ದರು. ರಾಸಾಯನಿಕ ಸಮೀಕರಣದ ಬಾಣವನ್ನು ಅವರು ಓದದೇ ಬಿಟ್ಟಿದ್ದರಿಂದ ಇವಳ ಉತ್ತರ ತಪ್ಪಿತ್ತು.

"ಈ ಸಲ ನನ್ನ ಬೆರಳಿಂದನ ಓದ್ತೀನ್ರೀ ಅಕ್ಕಾರ," ಎಂದಳು. ಅಷ್ಟೇ.

ಮಂದಾಕಿನಿ ನನ್ನನ್ನು ಬೈಯಲಿಲ್ಲ, ಬಡಿಯಲಿಲ್ಲ. ಕಂಪೈಲರನ್ನು ಹೊಸದಾಗಿ ಹಾಕಿ ಕಟ್ಟಲು ಹೇಳಿದರು. ನಾನು ಹದಿನೇಳು ದೋಷ ತೋರಿಸಿದೆ. ಅವರು ಹದಿನೇಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರು. ಒಮ್ಮೆಗೆ ಒಂದನ್ನೇ ತಿದ್ದುವುದು, ತಿದ್ದಿದ ಮೇಲೆ ಮತ್ತೆ ಕಟ್ಟಿ ನೋಡುವುದು, ಆಮೇಲೇ ಗೆರೆ ಎಳೆಯುವುದು. ಹೆಚ್ಚಿನವು ವಿಳಾಸದ ತಪ್ಪುಗಳು: ಪ್ರೋಗ್ರಾಂ ತನ್ನ ಸಾಮಾನುಗಳನ್ನು ಹಳೆಯ ಜಾಗದಲ್ಲಿ ಹುಡುಕುತ್ತಿತ್ತು, ಅಪ್‌ಡೇಟ್ ಅವನ್ನು ಬೇರೆಡೆ ಇಟ್ಟಿತ್ತು. ಮೂರನೆಯ ಮಧ್ಯಾಹ್ನ ಹದಿನೇಳನೆಯ ಗೆರೆ ಬಿತ್ತು.

ಈರಣ್ಣ ಪೇಢೆ ತರಲು ಹೊರಟ. ಮಂದಾಕಿನಿ ತಡೆದರು. ಅಪ್‌ಡೇಟಿಗೆ ಮೊದಲು ಒತ್ತಿದ್ದ ವಿಜ್ಞಾನದ ಪುಟವೊಂದನ್ನೇ ಮತ್ತೆ ಒತ್ತಿಸಿ, ಎರಡನ್ನೂ ಶಾಂತವ್ವನ ಮುಂದೆ ಇಟ್ಟರು. ಅವಳ ಎಡಗೈ ಹಳೆಯದರ ಮೇಲೆ, ಬಲಗೈ ಹೊಸದರ ಮೇಲೆ ಜೊತೆಜೊತೆಗೆ ಸರಿದವು. ಆರನೆಯ ಸಾಲಿನಲ್ಲಿ ಬಲಗೈ ನಿಂತಿತು.

"ಇಲ್ಲಿ ಬಾಣ ಇಲ್ರೀ."

ನಾನು ತೋರಿಸದಿದ್ದ ಹದಿನೆಂಟನೆಯ ದೋಷ ಅದು. ಬಾಣವಿನ್ನೂ ಸೇರದಿದ್ದ ಕಾಲದ, ಗುರುತುಗಳ ಹಳೆಯ ಪಟ್ಟಿಯೊಂದು ಒಳಗೆ ಸೇರಿಕೊಂಡಿತ್ತು. ಹೊಸ ಪಟ್ಟಿ ಕೊಟ್ಟು ಮತ್ತೆ ಕಟ್ಟಿದರು. ಮರುದಿನ ಹನ್ನೊಂದು ಮಕ್ಕಳು ತಮ್ಮ ಪ್ರಶ್ನೆಪತ್ರಿಕೆಯನ್ನು ತಾವೇ ಓದಿದರು.

ಈಗ ನನಗೆ ವಯಸ್ಸಾಗಿದೆ. ಮುದ್ರಣಾಲಯದ ಕೆಲಸವನ್ನೆಲ್ಲ ಹೊಸ ಕಂಪ್ಯೂಟರ್ ಮಾಡುತ್ತದೆ. ನಾನು ಮೂಲೆಯಲ್ಲಿದ್ದೇನೆ, ಆದರೆ ಗುಜರಿಗೆ ಹೋಗಿಲ್ಲ. ಯಾವ ಅಪ್‌ಡೇಟ್ ಬಂದರೂ ಮೊದಲು ನನ್ನ ಮೇಲೆ ಹಾಕಿ ನೋಡುತ್ತಾರೆ. ಕೆಡುವುದಿದ್ದರೆ ನಾನು ಕೆಡಬೇಕು, ಅದು ಕೆಡಬಾರದು. ಈ ಕೆಲಸಕ್ಕೆ ಇಲ್ಲಿ ಗೊತ್ತುಮಾಡಿದ ದಿನ ಖಂಡೆ ಪೂಜೆ. ಮಂದಾಕಿನಿಯವರ ಕೂದಲು ನೆರೆತಿದೆ. ಹಾಳೆ, ಪೆನ್ನು ಹಿಡಿದು ಕೂತು, "ಒತ್ರಿ ಈರಣ್ಣಾರ," ಅನ್ನುತ್ತಾರೆ. ಅವನು ಕುಂಕುಮ ಹಚ್ಚಿ, ಕೈಮುಗಿದು ಒತ್ತುತ್ತಾನೆ.

ನಾನು ಕೆಡುತ್ತೇನೆ. ಅವರು ಕಟ್ಟುತ್ತಾರೆ. ಕೊನೆಗೆ, ಇಲ್ಲೇ ಕರಡು ತಿದ್ದುವ ಕೆಲಸದಲ್ಲಿರುವ ಶಾಂತವ್ವ ಎರಡು ಪುಟಗಳ ಮೇಲೆ ಎರಡು ಕೈ ಇಡುತ್ತಾಳೆ. ನನ್ನ ಫ್ಯಾನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರುವುದಿಲ್ಲ. ಬೆರಳುಗಳು ಆರನೆಯ ಸಾಲನ್ನು ದಾಟುತ್ತವೆ, ಪುಟದ ಕೊನೆ ಮುಟ್ಟುತ್ತವೆ.

"ಎರಡೂ ಒಂದ ಅದಾವ್ರೀ," ಅನ್ನುತ್ತಾಳೆ.

ಆಮೇಲೇ ಪೇಢೆ.