ಮಾದೇಶನ ಪಿಕಪ್ಪಿಗೆ ಹೊಸ ಚಕ್ರ

ಪಿಕಪ್ಪಿನ ಹಳೆಯ ಚಕ್ರಗಳು ಸೊಟ್ಟಗಾಗಿದ್ದವು. ಹುಣಸೂರಿನ ಅಂಗಡಿಯಲ್ಲಿ ಫಳಫಳ ಹೊಳೆಯುವ ಅಗಲವಾದ ಚಕ್ರಗಳ ಮೇಲೆ ಮಾದೇಶನ ಕಣ್ಣು ಬಿತ್ತು. ಅವನ್ನು ಹಾಕಿಸಿದರೆ ತನ್ನೂರು ಹಂಪಾಪುರವೇ ನಿಂತು ನೋಡೀತು.

"ಚೆಂದಾಗವೆ," ಎಂದಳು ಜೊತೆಗೆ ಬಂದಿದ್ದ ಹೆಂಡತಿ ಪ್ರಮೀಳಾ. "ಆದ್ರೆ ದಾರೀಲಿ ಯಾರ್ದಾದ್ರೂ ಟೈರು ಪಂಚರಾದ್ರೆ, ನಮ್ ಸ್ಟೆಪ್ನಿ ಅವ್ರ ಗಾಡಿಗೆ ಆಯ್ತದಾ?"

ಊರಿನ ಪಿಕಪ್ಪುಗಳೆಲ್ಲ ಒಂದೇ ಕಂಪನಿಯವು. ಹೊಗೆಸೊಪ್ಪು ಹೇರಿಕೊಂಡು ಹೊರಟಾಗ ಯಾರ ಚಕ್ರ ಕೈಕೊಟ್ಟರೂ ಹಿಂದೆ ಬಂದವನು ತನ್ನ ಸ್ಟೆಪ್ನಿ ಬಿಚ್ಚಿಕೊಡುವುದು ರೂಢಿ. ಮಾದೇಶ ಕಂಪನಿಯ ಚಕ್ರಗಳನ್ನೇ, ಅದೇ ಅಳತೆಯ ಟೈರುಗಳನ್ನೇ ಹಾಕಿಸಿದ.

ಊರಿಗೆ ಬಂದಾಗ ಗೆಳೆಯ ನಟರಾಜು ನಕ್ಕ. "ಏನ್ಲಾ, ಅಷ್ಟು ದೂರ ಓಗಿ ಅದೇ ಚಕ್ರ ತಂದಿದ್ದೀಯಲ್ಲ!"

ಮಾದೇಶ ಎದೆಯುಬ್ಬಿಸಿದ. "ಊಂ ಕಣ್ಲಾ. ನಿನ್ ಗಾಡಿಗೂ ಕೂರ್ತದೆ. ನಮ್ಮನೆಯವ್ಳು ಆರಿಸಿದ್ದು!"